ಗ್ರಾಮರ್ ರೆಗ್ಯುಲರ್ ಹೌದೋ ಅಲ್ಲೋ ಹೇಳೋ ಪ್ರೋಗ್ರಾಮ್ ಬರದೀನಿ, 40ಕ್ಕ 40 ಸರಿ ಬಂದೈತಿ. ಆದ್ರೂ 'ಆಗಂಗಿಲ್ಲ' ಅಂತಾರ, ಯಾಕ?

ಗುಳೇದಗುಡ್ಡ_ಹುಡುಗ · ಶನಿವಾರ ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ ರೀ. ನಾ ಬಾಗಲಕೋಟ್ಯಾಗ ಬಿ.ಇ. ಓದಾಕತ್ತೀನಿ, ಕಂಪ್ಯೂಟರ್ ಸೈನ್ಸ್, ಮೂರನೇ ವರ್ಷ. ಮಿನಿ ಪ್ರಾಜೆಕ್ಟಿಗೆ ಒಂದು ಪ್ರೋಗ್ರಾಮ್ ಬರದಿದ್ದೆ. ಕಾಂಟೆಕ್ಸ್ಟ್ ಫ್ರೀ ಗ್ರಾಮರ್ (ಒಂದು ಚಿಹ್ನೆ ಬದಲಿ ಚಿಹ್ನೆಗಳ ಸಾಲು ಇಡಕೋತ ಪದ ಹುಟ್ಟಸೋ ನಿಯಮಗಳ ಪಟ್ಟಿ) ಕೊಟ್ಟರ, ಅದರಿಂದ ಹುಟ್ಟೋ ಭಾಷೆ, ಅಂದ್ರ ಆ ಪದಗಳ ಗುಂಪು, ರೆಗ್ಯುಲರ್ ಹೌದೋ ಅಲ್ಲೋ ಅಂತ ಹೇಳ್ತೈತಿ. ರೆಗ್ಯುಲರ್ ಅಂದ್ರ ಫೈನೈಟ್ ಆಟೊಮೇಟನ್, ಅಂದ್ರ ಇಷ್ಟ ಸ್ಥಿತಿ ಅಂತ ಮಿತಿ ಇರೋ, ಬ್ಯಾರೆ ನೆನಪಿಲ್ಲದ ಯಂತ್ರ, ಗುರುತಿಸಬಹುದಾದ ಭಾಷೆ.

ಹೆಂಗ ಅಂದ್ರ, 12 ಅಕ್ಷರದ ತನಕ ಇರೋ ಎಲ್ಲಾ ಪದ ತಗೊಂಡು, ಒಂದೊಂದೂ ಗ್ರಾಮರಿನಾಗ ಬರ್ತೈತೋ ಇಲ್ಲೋ ಸಿವೈಕೆ ಅನ್ನೋ ವಿಧಾನ ಹಚ್ಚಿ ನೋಡ್ತೈತಿ. ಆಮ್ಯಾಲ ಯಾವ ಪ್ರಿಫಿಕ್ಸುಗಳಿಗೆ (ಪದದ ಮೊದಲಿನ ತುಂಡುಗಳಿಗೆ) ಒಂದ ನಮೂನಿ ಬಾಲ ಹೊಂದತಾವೋ ಅವನ್ನೆಲ್ಲಾ ಒಂದು ಗುಂಪಿಗೆ ಹಾಕ್ತೈತಿ, ಮೈಹಿಲ್-ನೆರೋಡ್ ಪ್ರಮೇಯದಾಗ (ಗುಂಪಿನ ಸಂಖ್ಯೆಕ್ಕ ಮಿತಿ ಇದ್ರ ಮಾತ್ರ ಭಾಷೆ ರೆಗ್ಯುಲರ್ ಅನ್ನೋದು) ಇದ್ದಂಗ. ಉದ್ದ ಹೆಚ್ಚಾದಂಗ ಗುಂಪೂ ಹೆಚ್ಚಾಕ್ಕೋತ ಹೋದ್ರ 'ಅಲ್ಲ'. ಒಂದು ಸಂಖ್ಯೆಕ್ಕ ಬಂದು ನಿಂತ್ರ 'ಹೌದು'. ಪುಸ್ತಕದಾಗಿನ 40 ಗ್ರಾಮರ್ ಹಾಕಿ ನೋಡೀನಿ, ಒಂದೂ ತಪ್ಪಿಲ್ಲ.

ವೈವಾಕ್ಕ ಬಂದಿದ್ದ ಎಕ್ಸ್‌ಟರ್ನಲ್ ಎರಡು ನಿಮಿಷ ನೋಡಿದ್ರು. 'ಇದು ಅನ್‌ಡಿಸೈಡಬಲ್ ಪ್ರಾಬ್ಲಮ್, ಇಂಥಾ ಪ್ರೋಗ್ರಾಮ್ ಇರಾಕ ಸಾಧ್ಯಾನ ಇಲ್ಲ' ಅಂದು ಫೈಲ್ ಮುಚ್ಚಿಬಿಟ್ರು. ಓಡಿಸಿ ತೋರಸ್ತೀನಿ ರೀ ಅಂದ್ರೂ ಕೇಳಲಿಲ್ಲ. ಕಣ್ಣ ಮುಂದ ಓಡೋ ಪ್ರೋಗ್ರಾಮ್ 'ಇರಾಕ ಸಾಧ್ಯ ಇಲ್ಲ' ಅಂದ್ರ ಹೆಂಗ? ಮಾರ್ಕ್ಸಿನ ಮಾತು ಬಿಡ್ರಿ, ಹೋದ್ವು. ತಪ್ಪು ಎಲ್ಲೈತಿ ಅಂತ ತಿಳೀಬೇಕಾಗೈತಿ.

ಕುಂದಾ_ಪ್ರೇಮಿ · ರಾತ್ರಿ 9:58

ಅನ್‌ಡಿಸೈಡಬಲ್ ಅಂದ್ರ ಕೆಲವು ಗ್ರಾಮರಿಗೆ ಉತ್ತರಾನ ಇರೂದಿಲ್ಲ ಅಂತ ಅರ್ಥ ಪಾ. ನಿನ್ನ ಕೈಗೆ ಸಿಕ್ಕ 40ಕ್ಕ ಉತ್ತರ ಇತ್ತು, ಅಷ್ಟ. ಪರೀಕ್ಷಾದಾಗ 'ರೈಸ್ ಪ್ರಮೇಯದ ಪ್ರಕಾರ' ಅಂತ ಒಂದು ಸಾಲು ಬರದು ಮುಂದ ಹೋಗು. ಬೆಳಗಾವಿಗೆ ಬಂದಾಗ ಕುಂದಾ ತಿನ್ನಸ್ತೀನಿ.

ಟಿಳಕವಾಡಿ_ಮಾಸ್ತರ · ರಾತ್ರಿ 10:25

ಕುಂದಾ ಅವರೇ, ಮೂರು ಸಾಲಿನಲ್ಲಿ ಎರಡು ತಪ್ಪು. ಕುಂದಾದ ಸಾಲು ಮಾತ್ರ ಸರಿ.

ಯಾವ ಗ್ರಾಮರೇ ಇರಲಿ, ಅದರ ಭಾಷೆ ರೆಗ್ಯುಲರ್ ಆಗಿರುತ್ತದೆ, ಇಲ್ಲವೇ ಆಗಿರುವುದಿಲ್ಲ. ಮೂರನೆಯದು ಇಲ್ಲ. ಉತ್ತರ ಇಲ್ಲದ ಗ್ರಾಮರ್ ಅಂತ ಒಂದೂ ಇಲ್ಲ. ನಾನು ಕ್ಲಾಸಿನಲ್ಲಿ ಹೀಗೆ ಕೇಳುತ್ತಿದ್ದೆ: 2050ರ ಆಗಸ್ಟ್ 15ರಂದು ಆಲಮಟ್ಟಿ ಜಲಾಶಯ 519.60 ಮೀಟರಿಗೆ ತುಂಬಿರುತ್ತದೆಯೇ, ಈ ಪ್ರಶ್ನೆ ಡಿಸೈಡಬಲ್ಲೋ? ಇಡೀ ಕ್ಲಾಸು 'ಅಲ್ಲ ಸರ್, ಅದು ಯಾರಿಗೆ ಗೊತ್ತು' ಅನ್ನುತ್ತಿತ್ತು. ಆದರೆ ಅದು ಡಿಸೈಡಬಲ್. 'ಹೌದು' ಅಂತ ಪ್ರಿಂಟ್ ಮಾಡಿ ನಿಲ್ಲುವ ಒಂದು ಪ್ರೋಗ್ರಾಮ್ ಬರೆಯಿರಿ, 'ಇಲ್ಲ' ಅಂತ ಪ್ರಿಂಟ್ ಮಾಡಿ ನಿಲ್ಲುವ ಇನ್ನೊಂದು ಬರೆಯಿರಿ. ಎರಡರಲ್ಲಿ ಒಂದು ಖಂಡಿತ ಸರಿ. ಯಾವುದು ಅಂತ ನಮಗೆ ತಿಳಿಯದಿರುವುದು ನಮ್ಮ ತೊಂದರೆ, ಪ್ರೋಗ್ರಾಮಿನದಲ್ಲ. ಹಾಗೆಯೇ ಒಂದೇ ಗ್ರಾಮರ್ ಹಿಡಿದು ಕೇಳಿದ ಪ್ರಶ್ನೆ ಯಾವಾಗಲೂ ಡಿಸೈಡಬಲ್, 40 ಗ್ರಾಮರ್ ಹಿಡಿದು ಕೇಳಿದರೂ ಅಷ್ಟೇ. ಯಾವ ಗ್ರಾಮರ್ ಕೊಟ್ಟರೂ, ಇನ್ನೂ ಯಾರೂ ಬರೆಯದೇ ಇರುವುದನ್ನು ಕೊಟ್ಟರೂ, ತಪ್ಪದೆ ಉತ್ತರ ಹೇಳಿ ನಿಲ್ಲುವ ಒಂದೇ ಪ್ರೋಗ್ರಾಮ್ ಬೇಕು ಅಂದಾಗ ಮಾತ್ರ ತೊಡಕು ಶುರುವಾಗುತ್ತದೆ.

ಇದಕ್ಕೆ ಕನ್ನಡದಲ್ಲಿ 'ಬಗೆಹರಿಯದ ಪ್ರಶ್ನೆ' ಅಂತ ಬರೆಯುವವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಬಗೆಹರಿಯದು ಅಂದರೆ ಉತ್ತರವೇ ಇಲ್ಲ ಅನ್ನಿಸಿಬಿಡುತ್ತದೆ. ಉತ್ತರ ಇದೆ, ಇಲ್ಲದಿರುವುದು ಎಲ್ಲಕ್ಕೂ ಸಲ್ಲುವ ವಿಧಾನ.

ಇನ್ನು ರೈಸ್. ಅವರ 1953ರ ಪ್ರಮೇಯ ಟ್ಯೂರಿಂಗ್ ಯಂತ್ರಗಳ ಬಗ್ಗೆ, ಅಂದರೆ ಕೊನೆಯಿಲ್ಲದ ಟೇಪಿನ ಮೇಲೆ ಓದಿ ಬರೆಯುವ ಕಾಲ್ಪನಿಕ ಕಂಪ್ಯೂಟರುಗಳ ಬಗ್ಗೆ. ಅವು ಗುರುತಿಸುವ ಭಾಷೆಯ ಗುಣ ಕೇಳುವ ಯಾವ ಪ್ರಶ್ನೆಯೂ, ಎಲ್ಲಕ್ಕೂ ಒಂದೇ ಉತ್ತರ ಬರುವಂಥದ್ದು ಬಿಟ್ಟರೆ, ಡಿಸೈಡಬಲ್ ಅಲ್ಲ ಅನ್ನುತ್ತದೆ. ಕಾಂಟೆಕ್ಸ್ಟ್ ಫ್ರೀ ಗ್ರಾಮರಿಗೆ ಅದನ್ನು ನೇರವಾಗಿ ಹಚ್ಚುವ ಹಾಗಿಲ್ಲ. ಹಚ್ಚುವ ಹಾಗಿದ್ದರೆ 'ಈ ಗ್ರಾಮರಿನಿಂದ ಒಂದಾದರೂ ಪದ ಹುಟ್ಟುತ್ತದೆಯೇ' ಅನ್ನುವುದೂ ಅನ್‌ಡಿಸೈಡಬಲ್ ಆಗಬೇಕಿತ್ತು. ಅದನ್ನು ಐದನೇ ಸೆಮಿಸ್ಟರಿನ ಹುಡುಗರು ಹಾಳೆಯ ಮೇಲೆ ಮಾಡುತ್ತಾರೆ.

ಗುಮ್ಮಟದ_ನೆರಳು · ರಾತ್ರಿ 10:41

ಮಾಸ್ತರು ಹೇಳಿದ್ದು ಖರೇ. ಆದ್ರ ಹುಡುಗನ ಪ್ರೋಗ್ರಾಮ್ ಎಲ್ಲಿ ಮುಗ್ಗರಸ್ತದ ಅಂತ ಯಾರೂ ತೋರಿಸ್ಲೇ ಇಲ್ಲಲ್ಲ. ತಮ್ಮಾ, ಇದನ್ನ ಹಾಕಿ ನೋಡು. ಕ, ಗ ಎರಡ ಅಕ್ಷರ. ಎಸ್‌ದಿಂದ ಶುರು, → ಅಂದ್ರ ಎಡಗಡೆದರ ಬದಲಿ ಬಲಗಡೆದು ಇಡಬಹುದು. ಎಸ್ → ಕ ಎಸ್ ಗ. ಇಲ್ಲಾಂದ್ರ ಎಸ್ → ಇಪ್ಪತ್ತು ಕ, ಅದರ ಹಿಂದ ಇಪ್ಪತ್ತು ಗ. ಏನಂತದ ಹೇಳು.

ಗುಳೇದಗುಡ್ಡ_ಹುಡುಗ · ರಾತ್ರಿ 10:52

'ರೆಗ್ಯುಲರ್' ಅಂತು. 😐

12 ಅಕ್ಷರದೊಳಗ ಒಂದೂ ಪದ ಇಲ್ಲಲ್ಲ, ಖಾಲಿ ಭಾಷೆ ಅಂತ ತಿಳ್ಕೊಂಡೈತಿ. ಆತು, 12 ಅನ್ನೂದನ್ನ ತಗೀತೀನಿ. ಗ್ರಾಮರಿನಾಗ ಎಷ್ಟು ಅಕ್ಷರ ಬರದಾರೋ ಅದರ ಎರಡರಷ್ಟು ಉದ್ದದ ತನಕ ನೋಡೂದು. ಇದು ನಡೀತೈತಲ್ರಿ?

ಗುಮ್ಮಟದ_ನೆರಳು · ರಾತ್ರಿ 11:03

ಇಲ್ಲ. ಪ1 → ಕಕ, ಪ2 → ಪ1ಪ1, ಪ3 → ಪ2ಪ2, ಹಿಂಗ ಪ20ರ ತನಕ ಬರಿ. ಗ-ಕ್ಕೂ ಹಂಗ ಇಪ್ಪತ್ತು ನಿಯಮ, ಅವಕ್ಕ ತ1, ತ2 ಅನ್ನು. ಕಡೀಕೆ ಎಸ್ → ಕ ಎಸ್ ಗ, ಎಸ್ → ಪ20 ತ20. ಒಟ್ಟು 42 ನಿಯಮ, ಒಂದು ಪುಟಾನೂ ತುಂಬೂದಿಲ್ಲ. ಇದರಾಗ ಎಲ್ಲಾಕ್ಕಿಂತ ಸಣ್ಣ ಪದಾನ 20,97,152 ಅಕ್ಷರ ಉದ್ದ ಅದ. ಸಿವೈಕೆ ಹಚ್ಚಿ ಕೂಡು. ನಿನ್ನ ಮೊಮ್ಮಗ ಉತ್ತರ ನೋಡ್ತಾನ.

ಗುಳೇದಗುಡ್ಡ_ಹುಡುಗ · ರಾತ್ರಿ 11:30

ಸರಿ ರೀ, ಹಂಗಾರ 2ರ ಘಾತ ನಿಯಮದ ಸಂಖ್ಯೆ ಅಂತ ಇಡ್ತೀನಿ. ಸಾಲಲಿಲ್ಲ ಅಂದ್ರ ಘಾತದ ಮ್ಯಾಲ ಘಾತ. ಪ್ರೋಗ್ರಾಮ್ ಮುಗಿಯೋದ್ರಾಗ ಸೂರ್ಯ ಆರಿ ಹೋಗಲಿ, ಪರವಾಗಿಲ್ಲ. ಡಿಸೈಡಬಲ್ ಅನ್ನಾಕ ವೇಗ ಬೇಕಾಗಿಲ್ಲ, ಮುಗೀಬೇಕು ಅಷ್ಟ, ಹೌದಲ್ಲೋ? ಗ್ರಾಮರ್ ನೋಡಿ 'ಇಷ್ಟು ಉದ್ದದ ತನಕ ನೋಡಿದ್ರ ಸಾಕು' ಅಂತ ಲೆಕ್ಕ ಹಾಕೋ ಸೂತ್ರ ಒಂದು ಎಲ್ಲೋ ಇರಬೇಕಲ್ಲ.

ನವನಗರ_ಅಕ್ಕ · ಭಾನುವಾರ ಬೆಳಿಗ್ಗೆ 7:15

ತಮ್ಮಾ, ರಾತ್ರಿ 11:30ಕ್ಕೆ ಕೇಳಿದೆಯಲ್ಲ, ಈ ವಿಷಯದಾಗ ಕೇಳಬೇಕಾದ ಪ್ರಶ್ನೆ ಅದ. ನಿನ್ನ ಎಕ್ಸ್‌ಟರ್ನಲ್ ಎರಡು ನಿಮಿಷ ಹೆಚ್ಚಿಗೆ ಕುಂತಿದ್ರ ಅವರೂ ಅಲ್ಲಿಗೇ ಬರತಿದ್ರು. ಅಂಥಾ ಸೂತ್ರ ಇಲ್ಲ. ಯಾರಿಗೂ ಸಿಕ್ಕಿಲ್ಲ ಅಂತಲ್ಲ, ಇರಾಕ ಬರಂಗಿಲ್ಲ. ಯಾಕ ಅಂತ ನಿಧಾನ ಬರೀತೀನಿ, ಚಹಾ ಇಟ್ಕೊಂಡು ಓದು.

ಮೊದಲು ರೆಗ್ಯುಲರ್ ಬಿಡು. ಇನ್ನೂ ಸಾದಾ ಪ್ರಶ್ನೆ ತಗೋ: ಈ ಗ್ರಾಮರ್ ಎಲ್ಲಾ ಪದಗಳನ್ನೂ ಹುಟ್ಟಸ್ತೈತೇನು, ಒಂದೂ ಬಿಡದಂಗ?

ನಮ್ಮ ಕಾಕಾ ವಿಜಯಪುರದಾಗ ಮಣೂಕದ ದಲಾಲಿ ಅಂಗಡಿಯೊಳಗ ಕಿರ್ದಿ ಬರೀತಿದ್ರು. ದಿನಕ್ಕೊಂದು ಪುಟ. ಇವತ್ತಿನ ಅಖೇರಿ ಶಿಲ್ಕು ನಾಳಿನ ಪುಟದ ಆರಂಭದ ಶಿಲ್ಕು ಆಗಬೇಕು. ಟ್ಯೂರಿಂಗ್ ಯಂತ್ರದ ಓಟಾನೂ ಇಂಥಾ ಒಂದು ಕಿರ್ದಿ ಅನ್ಕೋ. ಒಂದೊಂದು ಹೆಜ್ಜಿಗೂ ಒಂದೊಂದು ಪುಟ: ಟೇಪಿನ ಮ್ಯಾಲ ಏನೈತಿ, ತಲಿ ಎಲ್ಲೈತಿ, ಯಾವ ಸ್ಥಿತಿ. ಒಂದು ಪುಟದಿಂದ ಇನ್ನೊಂದಕ್ಕ ತಲಿಯ ಆಜೂಬಾಜೂ ಇರೋ ಎರಡು ಮೂರು ಅಕ್ಷರ ಅಷ್ಟ ಬದಲಾಗತಾವ, ಉಳಿದದ್ದೆಲ್ಲಾ ಹಂಗ ಇಳೀತೈತಿ. ಯಂತ್ರ ನಿಂತರ ಕಿರ್ದಿ ಮುಗೀತು. ಇಡೀ ಕಿರ್ದಿಯನ್ನ ಸಾಲಾಗಿ ಬರದ್ರ ಅದೂ ಒಂದು ಪದಾನ, ಭಾಳ ಉದ್ದಂದು.

ಈಗ ಆಡಿಟರ್ ಕೆಲಸ. ಕಿರ್ದಿ ಪೂರ್ತಿ ಸರಿ ಐತಿ ಅಂತ ಸಹಿ ಹಾಕಬೇಕಂದ್ರ ಪ್ರತಿ ಪುಟ, ಪ್ರತಿ ಸಾಲು ತಾಳೆ ನೋಡಬೇಕು. ಒಂದ ಸ್ಟ್ಯಾಕ್ (ಕಡೀಕೆ ಇಟ್ಟದ್ದನ್ನ ಮೊದಲು ತಗಿಯೋ ನೆನಪಿನ ಗುಡ್ಡಿ) ಇರೋ ಪುಶ್‌ಡೌನ್ ಯಂತ್ರದ ಕೈಲೆ ಅದು ಆಗೂದಿಲ್ಲ. ಇಂಥಾ ಯಂತ್ರ ಗುರುತಿಸೋ ಭಾಷೆಗಳು, ಕಾಂಟೆಕ್ಸ್ಟ್ ಫ್ರೀ ಗ್ರಾಮರಿನಿಂದ ಹುಟ್ಟೋ ಭಾಷೆಗಳು ಎರಡೂ ಒಂದ. ಆದ್ರ ಕಿರ್ದಿ ತಪ್ಪೈತಿ ಅನ್ನಾಕ ಒಂದ ಒಂದು ಜಾಗ ತೋರಿಸಿದ್ರ ಸಾಕು. ಯಂತ್ರ ನಾನ್‌ಡಿಟರ್ಮಿನಿಸ್ಟಿಕ್ ಅಲ್ಲೇನು, ತಪ್ಪು ಎಲ್ಲೈತಿ ಅಂತ ಊಹೆ ಮಾಡ್ತೈತಿ. ಆ ಪುಟದ ಶುರುವಿನಿಂದ ಒಂದೊಂದು ಅಕ್ಷರ ದಾಟಿದಂಗ ಸ್ಟ್ಯಾಕಿಗೆ ಒಂದೊಂದು ಹಳ್ಳು ಒಗೀತೈತಿ. ಸಂಶಯದ ಜಾಗಕ್ಕ ಬಂದ ಕೂಡಲೆ ಅಲ್ಲಿನ ಮೂರು ಅಕ್ಷರ ನೆನಪಿಟ್ಟು, ಉಳಿದ ಪುಟ ಹಾರಿಸಿ, ಮುಂದಿನ ಪುಟದಾಗ ಅಕ್ಷರಕ್ಕೊಂದು ಹಳ್ಳು ತಗೀತ ಹೋಗ್ತೈತಿ. ಹಳ್ಳು ಮುಗಿದ ಜಾಗದಾಗ ಇರಬೇಕಾದ ಅಕ್ಷರ ಇಲ್ಲ ಅಂದ್ರ ಕಳ್ಳ ಸಿಕ್ಕ. ಮೊದಲನೇ ಪುಟ ತಪ್ಪು, ಕಡೀ ಪುಟದಾಗ ಯಂತ್ರ ನಿಂತಿಲ್ಲ, ಪುಟಾನ ಪುಟದಂಗಿಲ್ಲ, ಇವನ್ನೆಲ್ಲಾ ಹಿಡಿಯಾಕ ಸ್ಟ್ಯಾಕೂ ಬ್ಯಾಡ.

ಅಂದ್ರ 'ಸರಿಯಾದ ಪೂರ್ತಿ ಕಿರ್ದಿ ಅಲ್ಲದ' ಎಲ್ಲಾ ಪದಗಳ ಭಾಷೆ ಕಾಂಟೆಕ್ಸ್ಟ್ ಫ್ರೀ. ಯಂತ್ರದ ವಿವರ ಕೊಟ್ಟರ ಗ್ರಾಮರನ್ನ ಕಣ್ಣು ಮುಚ್ಚಿ ಬರೀಬಹುದು. ಆ ಯಂತ್ರ ಎಂದೂ ನಿಲ್ಲದಿದ್ರ ಪೂರ್ತಿ ಕಿರ್ದಿ ಅನ್ನೂದ ಇಲ್ಲ, ಗ್ರಾಮರ್ ಎಲ್ಲಾ ಪದಾನೂ ಹುಟ್ಟಸ್ತೈತಿ. ಒಂದು ದಿನ ನಿಂತಿತು ಅಂದ್ರ ಒಂದ ಪದ ಬಿಟ್ಟಿರ್ತೈತಿ, ಅದ ಆ ಕಿರ್ದಿ. ಹಂಗಾಗಿ 'ಎಲ್ಲಾ ಪದ ಹುಟ್ಟಸ್ತೈತೇನು' ಅಂತ ಕೇಳೂದೂ 'ಯಂತ್ರ ಎಂದೂ ನಿಲ್ಲಂಗಿಲ್ಲೇನು' ಅಂತ ಕೇಳೂದೂ ಒಂದ. ಟ್ಯೂರಿಂಗ್ ಯಂತ್ರಗಳ ಹಣೇಬರಹ ಮೊದಲ ಹೇಳಿಬಿಡೋ ಸಾರ್ವತ್ರಿಕ ವಿಧಾನ ಇಲ್ಲ ಅನ್ನೂದು 1936ರಷ್ಟು ಹಳೇದು. ಗ್ರಾಮರಿನ ಈ ಪ್ರಶ್ನೆ ಆಗಂಗಿಲ್ಲ ಅಂತ ಬಾರ್-ಹಿಲೆಲ್, ಪೆರ್ಲೆಸ್, ಶಮೀರ್ 1961ರಾಗ ತೋರಿಸಿದ್ರು.

ಈಗ ನಿನ್ನ ಸೂತ್ರಕ್ಕ ಬಾ. ಗ್ರಾಮರ್ ಬಿಟ್ಟ ಪದ ಎಷ್ಟು ಉದ್ದ? ಯಂತ್ರದ ಕಿರ್ದಿಯಷ್ಟು. ಬರೇ ಐದು ಸ್ಥಿತಿ, ಎರಡು ಚಿಹ್ನೆ ಇರೋ ಒಂದು ಯಂತ್ರ ಐತಿ, 1989ರಾಗ ಸಿಕ್ಕದ್ದು. ಖಾಲಿ ಟೇಪಿನ ಮ್ಯಾಲ ಬಿಟ್ಟರ 4,71,76,870 ಹೆಜ್ಜಿ ಓಡಿ ನಿಲ್ತೈತಿ. ಐದು ಸ್ಥಿತಿಯ ಯಂತ್ರಗಳೊಳಗ, ಓಡಿ ನಿಲ್ಲೋವ್ರಾಗ ಇದಕ್ಕಿಂತ ದೊಡ್ಡದಿಲ್ಲ ಅಂತ ಖಾತ್ರಿ ಆಗಿದ್ದು 2024ರಾಗ. ಐದು ಸ್ಥಿತಿ ಮುಗಿಸಾಕ ಇಷ್ಟು ವರ್ಷ! ನಿನ್ನ ಸೂತ್ರ ಇದ್ದಿದ್ರ, ಗ್ರಾಮರ್ ನೋಡಿ ಮಿತಿ ಲೆಕ್ಕ ಹಾಕಿ, ಅಷ್ಟು ಉದ್ದದ ತನಕ ಎಲ್ಲಾ ಪದ ಪರೀಕ್ಷಾ ಮಾಡಿ, ಯಂತ್ರ ನಿಲ್ತೈತೋ ಇಲ್ಲೋ ಹೇಳಿಬಿಡಬಹುದಿತ್ತು. ಆಗಂಗಿಲ್ಲ. ಘಾತದ ಮ್ಯಾಲ ಎಷ್ಟ ಘಾತ ಹಾಕು, ಅದನ್ನ ದಾಟೋ ಗ್ರಾಮರ್ ಇದ್ದ ಇರ್ತೈತಿ.

ಕುಂದಾ_ಪ್ರೇಮಿ · ಬೆಳಿಗ್ಗೆ 8:02

ಅಕ್ಕಾರ, ಆಟೊಮೇಟಾ ಓದಿ ಆರು ವರ್ಷ ಆತು, ಇವತ್ತು ತಿಳೀತು ನೋಡ್ರಿ. ರೈಸ್ ಮಾತು ವಾಪಸ್ ತಗೊಂಡೆ.

ಗುಮ್ಮಟದ_ನೆರಳು · ಬೆಳಿಗ್ಗೆ 8:40

ಅಕ್ಕಾರ ಹಳ್ಳಿನ ಯುಕ್ತಿ ಗುಮ್ಮಟದಾಗೂ ಅದ. ಗೋಲಗುಮ್ಮಟದ ಮ್ಯಾಲಿನ ಗ್ಯಾಲರಿಯೊಳಗ ನಿಂತು ಕೂಗಿದ್ರ ಕೂಗಿದ್ದು ಕೂಗಿದಂಗ ಮತ್ತ ಮತ್ತ ಕೇಳಿಸ್ತದ. ಒಂದ ಸಲ ಮರುಕೂಗು ಅಂತ ಇಟ್ಕೋರಿ: ಕಗಗ ಅಂದ್ರ ಕಗಗಕಗಗ. ಇಂಥಾ ಜೋಡಿ ಪದಗಳ ಭಾಷೆ ಕಾಂಟೆಕ್ಸ್ಟ್ ಫ್ರೀ ಅಲ್ಲ. ಆದ್ರ ಜೋಡಿ ಅಲ್ಲದ ಪದಗಳ ಭಾಷೆ ಕಾಂಟೆಕ್ಸ್ಟ್ ಫ್ರೀ ಅದ! ನಾಕ ಸಾಲು, ಕಾಮಾ ಅಂದ್ರ 'ಇಲ್ಲಾಂದ್ರ':

ಎಸ್ → ಮಪ, ಪಮ, ಮ, ಪ
ಮ → ಹಮಹ, ಕ
ಪ → ಹಪಹ, ಗ
ಹ → ಕ, ಗ

ಮ ಅಂದ್ರ ನಟ್ಟನಡುವ ಕ ಇರೋ ಬೆಸ ಉದ್ದದ ತುಂಡು, ಪ ಅಂದ್ರ ನಡುವ ಗ ಇರೋದು. ಎರಡನ್ನ ಒಂದರ ಹಿಂದ ಒಂದು ಇಟ್ಟರ, ಆ ಎರಡು ನಡುವಿನ ಅಕ್ಷರದ ಅಂತರ ಇಡೀ ಪದದ ಅರ್ಧಕ್ಕ ಬಂದು ಕೂಡ್ತದ. ಅಂದ್ರ ಕೂಗಿನಾಗ ಆ ಜಾಗದಾಗ ಒಂದು ಅಕ್ಷರ, ಮರುಕೂಗಿನಾಗ ಅದ ಜಾಗದಾಗ ಬ್ಯಾರೆ. ಹಾಳಿ ಮ್ಯಾಲ ಬರದು ನೋಡ್ರಿ, ನಾ ಮೊದಲ ಸಲ ನೋಡಿದಾಗ ನಂಬಿದ್ದಿಲ್ಲ.

ಈ ಗ್ರಾಮರನ್ನೂ ಹುಡುಗನ ಪ್ರೋಗ್ರಾಮಿಗೆ ಹಾಕಬೇಕು.

ಗುಳೇದಗುಡ್ಡ_ಹುಡುಗ · ಬೆಳಿಗ್ಗೆ 10:10

ಅಕ್ಕಾರ, ಕಿರ್ದಿ ಎರಡು ಸಲ ಓದಿದೆ, ತಿಳೀತು. ಆದ್ರ ಅದು 'ಎಲ್ಲಾ ಪದ' ಅನ್ನೋ ಪ್ರಶ್ನೆ. ಗ್ರಾಮರ್ ಒಂದ ಪದ ಬಿಟ್ಟರೂ ಭಾಷೆ ರೆಗ್ಯುಲರ್ ಆಗೇ ಇರ್ತೈತಲ್ಲ? ನಿಂತ್ರೂ ರೆಗ್ಯುಲರ್, ನಿಲ್ಲದಿದ್ರೂ ರೆಗ್ಯುಲರ್. ನನ್ನ ಪ್ರಶ್ನೆಕ್ಕ ಅದು ಹೆಂಗ ತಾಗ್ತೈತಿ?

ಟಿಳಕವಾಡಿ_ಮಾಸ್ತರ · ಬೆಳಿಗ್ಗೆ 11:20

ಇದನ್ನು ಕೇಳಿದ ಹುಡುಗನಿಗೆ ನಾನಾಗಿದ್ದರೆ ಮಾರ್ಕ್ಸ್ ಕೊಡುತ್ತಿದ್ದೆ.

ಅಕ್ಕನ ಗ್ರಾಮರಿಗೆ ಒಂದು ಗೀಟು ಸೇರಿಸೋಣ. # ಅನ್ನುವ ಹೊಸ ಚಿಹ್ನೆ. ಹೊಸ ಭಾಷೆಯಲ್ಲಿ ಎರಡು ಬಗೆಯ ಪದಗಳು. ಮೊದಲ ಬಗೆ: # ಎಡಕ್ಕೆ ಎಷ್ಟು ಕ ಅಷ್ಟೇ ಗ, ಕ ಎಲ್ಲ ಮೊದಲು, ಬಲಕ್ಕೆ ಏನು ಬೇಕಾದರೂ. ಎರಡನೇ ಬಗೆ: # ಎಡಕ್ಕೆ ಏನು ಬೇಕಾದರೂ, ಬಲಕ್ಕೆ ಅಕ್ಕನ ಗ್ರಾಮರಿನಿಂದ ಹುಟ್ಟಿದ ಪದ. ಎರಡನ್ನೂ ಕೂಡಿಸಿದರೆ ಅದೂ ಕಾಂಟೆಕ್ಸ್ಟ್ ಫ್ರೀ.

ಅಕ್ಕನ ಗ್ರಾಮರ್ ಎಲ್ಲ ಪದಗಳನ್ನೂ ಹುಟ್ಟಿಸಿದರೆ, ಹೊಸ ಭಾಷೆ ಅಂದರೆ 'ಏನೋ # ಏನೋ' ಅಷ್ಟೇ. ರೆಗ್ಯುಲರ್. ಒಂದು ಪದ, ಅದಕ್ಕೆ ವ ಅನ್ನೋಣ, ಬಿಟ್ಟುಹೋಗಿದ್ದರೆ? ಆಗ # ಬಲಕ್ಕೆ ವ ಇಟ್ಟ ಕೂಡಲೇ ಎರಡನೇ ಬಗೆಯ ಬಾಗಿಲು ಮುಚ್ಚಿತು. ಎಡಕ್ಕೆ ಸಮಸಮ ಕ-ಗ ಇದ್ದರೆ ಮಾತ್ರ ಪದ ಒಳಗೆ ಬರುತ್ತದೆ. ಹೊಸ ಭಾಷೆಗೆ ಫೈನೈಟ್ ಆಟೊಮೇಟನ್ ಇದ್ದಿದ್ದರೆ, ಪ್ರತಿ ಸಲ ಕೊನೆಗೆ #ವ ಹಚ್ಚಿ ಅದನ್ನು ಓಡಿಸಿ, ಸಮಸಮ ಕ-ಗ ಗುರುತಿಸಿಬಿಡಬಹುದಿತ್ತು. ಅದು ಯಾವ ಫೈನೈಟ್ ಆಟೊಮೇಟನ್ನಿಗೂ ಆಗದ ಕೆಲಸ. ಹಾಗಾಗಿ ಹೊಸ ಭಾಷೆ ರೆಗ್ಯುಲರ್ ಅಲ್ಲ.

ಅಲ್ಲಿಗೆ 'ರೆಗ್ಯುಲರ್ ಹೌದೋ' ಅಂತ ಹೇಳಬಲ್ಲವನು 'ಯಂತ್ರ ನಿಲ್ಲುತ್ತದೋ' ಅಂತಲೂ ಹೇಳಿಬಿಟ್ಟ ಹಾಗಾಯಿತು. ಶೀಲಾ ಗ್ರೈಬಾಕ್ 1968ರಲ್ಲಿ ಇದೇ ಹಂಚಿಕೆಯಿಂದ ಒಂದು ಸಾರ್ವತ್ರಿಕ ಪ್ರಮೇಯ ಕೊಟ್ಟರು. ಗ್ರಾಮರಿಗೆ ರೈಸ್ ಬೇಕು ಅನ್ನುವವರು ಅದನ್ನು ಓದಬೇಕು.

ಗುಳೇದಗುಡ್ಡ_ಹುಡುಗ · ಮಧ್ಯಾಹ್ನ 12:05

😶 ತಿಳೀತು ಸರ್. ಪ್ರೋಗ್ರಾಮ್ ಇರಾಕ ಸಾಧ್ಯ ಐತಿ, ಐತೂ ಐತಿ. ಎಲ್ಲಾ ಗ್ರಾಮರಿಗೂ ಸರಿ ಹೇಳೋದು ಮಾತ್ರ ಇಲ್ಲ. ಎಕ್ಸ್‌ಟರ್ನಲ್ ಹೇಳಿದ ಮಾತಿಗೂ ಇದಕ್ಕೂ ಭಾಳ ಫರಕ್ ಐತಿ ನೋಡ್ರಿ.

ಹಂಗಾರ ಈಗ ಪ್ರಾಜೆಕ್ಟ್ ಏನ್ ಮಾಡ್ಲಿ? ಒಗದು ಬಿಡ್ಲ್ಯಾ?

ನವನಗರ_ಅಕ್ಕ · ಮಧ್ಯಾಹ್ನ 1:30

ಯಾಕ ಒಗೀತಿ? ನಾ ಕಂಪೈಲರ್ ಕೆಲಸಾ ಮಾಡೋಕಿ, ನಮ್ಮ ಹೊಟ್ಟಿಪಾಡಾನ ಇಂಥಾ ಪ್ರಶ್ನೆಗಳ ಮ್ಯಾಲ ನಡೀತೈತಿ. ಗ್ರಾಮರ್ ಆಂಬಿಗ್ಯುಅಸ್ (ಒಂದ ಪದ ಎರಡು ನಮೂನಿ ಹುಟ್ಟೋದು) ಹೌದೋ ಅಲ್ಲೋ ಅನ್ನೂದೂ ಅನ್‌ಡಿಸೈಡಬಲ್, 1962ರಿಂದ ಗೊತ್ತೈತಿ. ಹಂಗಂತ ಗ್ರಾಮರಿನಿಂದ ಪಾರ್ಸರ್ ಬರದು ಕೊಡೋ ಯಾಕ್ (Yacc), ಬೈಸನ್ (Bison) ಬಿಟ್ಟು ಕುಂತೇವೇನು? ಅವು ಶಿಫ್ಟ್-ರೆಡ್ಯೂಸ್ ಕಾನ್‌ಫ್ಲಿಕ್ಟ್ ಅಂತ, ಅಂದ್ರ ಇಲ್ಲಿ ಎರಡು ಹಾದಿ ಅದಾವ ಯಾವುದು ಹಿಡೀಲಿ ಅಂತ, ಬೈತಾವ. ಬೈಸ್ಕೊಂಡ ಗ್ರಾಮರಿನಾಗ ಖರೇನ ದೋಷ ಇರಲಿಕ್ಕೂ ಸಾಕು, ಇಲ್ಲದಿರಲಿಕ್ಕೂ ಸಾಕು. ಬೈಲಿಲ್ಲ ಅಂದ್ರ ಮಾತ್ರ ನಿಶ್ಚಿಂತಿ.

ನೀನೂ ಮೂರು ಉತ್ತರ ಇಟ್ಕೋ: ಹೌದು, ಅಲ್ಲ, ಗೊತ್ತಿಲ್ಲ. ಮೊದಲಿನ ಎರಡು ಹೇಳಿದಾಗ ಎಂದೂ ತಪ್ಪಬಾರದು. ಬರೇ ಒಂದ ಅಕ್ಷರ ಬಳಸೋ ಗ್ರಾಮರಿದ್ರ ಕಣ್ಣು ಮುಚ್ಚಿ 'ಹೌದು' ಅನ್ನು, ಪಾರಿಖ್ ಪ್ರಮೇಯ ಕಾಯ್ತೈತಿ. ಯಾವ ವೇರಿಯೇಬಲ್ಲೂ (ಎಸ್, ಪ1ರಂಥಾ ಚಿಹ್ನೆ) ಎಡಕ್ಕೂ ಬಲಕ್ಕೂ ಏನಾರ ಹುಟ್ಟಿಸಿ ತನ್ನೊಳಗ ತಾನ ಬರಂಗಿಲ್ಲ ಅಂದ್ರ ಆಗಲೂ 'ಹೌದು', ಚಾಮ್‌ಸ್ಕಿ 1959. ತಿರುಗಾಮುರುಗಾ ಮಾಡಬ್ಯಾಡ, ತನ್ನೊಳಗ ತಾನ ಬಂದ ಕೂಡಲೆ 'ಅಲ್ಲ' ಅನ್ನಾಕ ಬರಂಗಿಲ್ಲ. 'ಅಲ್ಲ' ಅನ್ನಾಕ ಒಂದು ಹಾದಿ: ಭಾಷೆಯನ್ನ 'ಮೊದಲು ಕ ಎಲ್ಲಾ, ಆಮ್ಯಾಲ ಗ ಎಲ್ಲಾ' ಅನ್ನೋ ಪದಗಳಿಗೆ ಕತ್ತರಿಸು. ಅಂಥಾ ಕಟ್ಟಿಗೆ ಒಳಗಾದ ಭಾಷೆ ರೆಗ್ಯುಲರ್ ಹೌದೋ ಅಲ್ಲೋ ಅನ್ನೂದು ಡಿಸೈಡಬಲ್, ಗಿನ್ಸ್‌ಬರ್ಗ್, ಸ್ಪಾನಿಯರ್ 1966. ಕತ್ತರಿಸಿದ ತುಂಡು ರೆಗ್ಯುಲರ್ ಅಲ್ಲ ಅಂದ್ರ ಇಡೀದೂ ಅಲ್ಲ.

ಟಿಳಕವಾಡಿ_ಮಾಸ್ತರ · ಮಧ್ಯಾಹ್ನ 3:10

ಒಂದು ಸೇರಿಸುತ್ತೇನೆ. ಪುಶ್‌ಡೌನ್ ಯಂತ್ರ ಊಹೆ ಮಾಡುವುದನ್ನು ಬಿಟ್ಟು ಡಿಟರ್ಮಿನಿಸ್ಟಿಕ್ ಆದರೆ ಲೋಕವೇ ಬೇರೆ. ಅಲ್ಲಿ 'ರೆಗ್ಯುಲರ್ ಹೌದೋ' ಅನ್ನುವುದು ಡಿಸೈಡಬಲ್ ಅಂತ ಸ್ಟರ್ನ್ಸ್ 1967ರಲ್ಲೇ ತೋರಿಸಿದರು. ಅಕ್ಕನ ಆಡಿಟರ್ ಕೈಯಿಂದ ಊಹೆ ಕಿತ್ತುಕೊಂಡರೆ ತಪ್ಪು ಹುಡುಕುವ ಆಟ ನಡೆಯುವುದಿಲ್ಲ, ಅದಕ್ಕೇ.

ಆದರೆ ಅಂಥ ಎರಡು ಯಂತ್ರಗಳ ಭಾಷೆ ಒಂದೇನಾ ಅನ್ನುವುದನ್ನು ಗಿನ್ಸ್‌ಬರ್ಗ್, ಗ್ರೈಬಾಕ್ 1966ರಲ್ಲಿ ಕೇಳಿದ್ದು ಮೂವತ್ತು ವರ್ಷ ಹಾಗೇ ಬಿದ್ದಿತ್ತು. ನಾನು ಎಂ.ಟೆಕ್. ಓದುವಾಗ ಯಾವ ಪ್ರಶ್ನೆ ಡಿಸೈಡಬಲ್ ಅನ್ನುವ ನಮ್ಮ ಪಟ್ಟಿಯ ಆ ಚೌಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು. 1997ರಲ್ಲಿ ಫ್ರಾನ್ಸಿನ ಜೆರೋ ಸೆನಿಜೆರ್ಗ್ 'ಡಿಸೈಡಬಲ್' ಅಂತ ಸಾಧಿಸಿದರು, 2002ರಲ್ಲಿ ಗೋಡೆಲ್ ಪ್ರಶಸ್ತಿ ಬಂತು. ಆ ಚೌಕವನ್ನು ನನ್ನ ಹಳೆಯ ನೋಟ್ಸಿನಲ್ಲಿ ಕೆಂಪು ಪೆನ್ನಿನಿಂದ ತಿದ್ದಿದ್ದೇನೆ. ಇನ್ನೂ ಇಟ್ಟುಕೊಂಡಿದ್ದೇನೆ.

ಕುಂದಾ_ಪ್ರೇಮಿ · ಮಧ್ಯಾಹ್ನ 3:25

ಫೋಟೊ ಹಾಕ್ರಿ ಸರ್.

ಗುಳೇದಗುಡ್ಡ_ಹುಡುಗ · ಬುಧವಾರ ರಾತ್ರಿ 10:15

ಅಕ್ಕಾರ ಹೇಳಿದಂಗ ತಿದ್ದಿದೆ. ಅವ 40 ಗ್ರಾಮರ್: 17 ಹೌದು, 12 ಅಲ್ಲ, 11 ಗೊತ್ತಿಲ್ಲ. ಮೊದಲಿಗಿಂತ ಮಾರ್ಕ್ಸ್ ಕಮ್ಮಿ ಆದಂಗ ಅನ್ನಸ್ತೈತಿ, ಇರಲಿ. ಗುಮ್ಮಟ ಅಣ್ಣಾರ 42 ನಿಯಮದ್ದಕ್ಕ ಈಗ 'ಅಲ್ಲ' ಅಂತು, ಒಂದು ಸೆಕೆಂಡೂ ತಗೊಳ್ಳಲಿಲ್ಲ! ಆದ್ರ ಅವರ ಮರುಕೂಗಿನ ಗ್ರಾಮರಿಗೆ 'ಗೊತ್ತಿಲ್ಲ' ಅಂತು. ಕ ಎಲ್ಲಾ ಮೊದಲು ಗ ಎಲ್ಲಾ ಆಮ್ಯಾಲ ಅಂತ ಕತ್ತರಿಸಿದ್ರ ಉಳಿಯೋದು ರೆಗ್ಯುಲರ್ ಆಗ್ತೈತಿ, ಅದಕ್ಕ ಸಿಗವಲ್ತು.

ಗುಮ್ಮಟದ_ನೆರಳು · ರಾತ್ರಿ 10:33

ಅದಕ್ಕ ಗೊತ್ತಿಲ್ಲಂದ್ರ ಏನಾತು, ನನಗ ಗೊತ್ತದ. ಅದು ರೆಗ್ಯುಲರ್ ಇದ್ದಿದ್ರ ಅದರ ಉಲ್ಟಾ (ಅದರಾಗ ಇಲ್ಲದ ಪದಗಳೆಲ್ಲಾ), ಅಂದ್ರ ಮರುಕೂಗಿನ ಭಾಷೆ, ಅದೂ ರೆಗ್ಯುಲರ್ ಆಗ್ತಿತ್ತು. ಕಾಂಟೆಕ್ಸ್ಟ್ ಫ್ರೀನೂ ಅಲ್ಲದ್ದು ಎಲ್ಲಿಂದ ರೆಗ್ಯುಲರ್ ಆಗ್ತದ? 'ಅಲ್ಲ' ಅಂತ ಕೈಲೆ ಬರ್ಕೋ.